ವಿನೆಗರ್ ಕುಡಿದು ಗೆದ್ದ ಪರೀಕ್ಷೆ

ಸಿಗರೇಟು ಸೇದುತ್ತಿದ್ದವಳು ಮಿಸ್ಟಿ. ವೊನೆಟ್ಟಾ ಅದನ್ನು ಕೈಯಲ್ಲಿ ಹಿಡಿದವಳೂ ಅಲ್ಲ. ಆಲ್ಬನಿ ಊರಿನ ಶಾಲಾ ಬಸ್ಸುಗಳ ಅಂಗಳದಲ್ಲಿ ಬೆಳಗಿನ ಜಾವ ಹಳದಿ ಬಸ್ಸುಗಳೆಲ್ಲ ಗುರುಗುಟ್ಟುತ್ತ ಬಿಸಿಯಾಗುವ ಹೊತ್ತಿಗೆ, ಬೇಲಿಯಾಚೆ ಪೆಕಾನ್ ಮರದ ಬುಡದಲ್ಲಿ ಮಿಸ್ಟಿಯ ಸಿಗರೇಟಿನ ಕಿಡಿ ಕಾಣುತ್ತಿತ್ತು. ವೊನೆಟ್ಟಾ ಅಲ್ಲಿಗೆ ಹೋಗಿ ಸೊಂಟಕ್ಕೆ ಕೈಕೊಟ್ಟು ನಿಂತು ದಿನಾ ಬಯ್ಯುತ್ತಿದ್ದಳು.

"ಒಂದಿನ ಈ ಹೊಗೆ ತಲೆಗೇರಿ ಧೊಪ್ಪಂತ ಬೀಳ್ತೀಯ. ನಿನ್ನ ಎತ್ತೋಕೆ ನಾನಂತೂ ಬರಲ್ಲ ನೋಡು."

"ಬರ್ತೀಯ ಬಿಡೆ. ನಾನು ಬಿದ್ರೆ ನನ್ನ ರೂಟೂ ನಿನ್ನ ತಲೆಗೇ ಕಟ್ತಾರೆ. ಆ ಹೆದರಿಕೆಗೇ ನನ್ನ ಎತ್ತಿ ನಿಲ್ಲಿಸಿ, ಸೀಟಿಗೆ ಹಗ್ಗ ಹಾಕಿ ಕಟ್ತೀಯ."

ಮಿಸ್ಟಿ ಬಿಳಿಯಳು, ವೊನೆಟ್ಟಾ ಕಪ್ಪು ಹೆಂಗಸು. ಇಬ್ಬರಿಗೂ ಮೂವತ್ತಾರು. ಒಂದೇ ಶಾಲೆಯಲ್ಲಿ ಓದಿದವರು, ಒಂದೇ ವರ್ಷ ಡ್ರೈವರ್ ಕೆಲಸಕ್ಕೆ ಸೇರಿದವರು. ಮಿಸ್ಟಿ ಬೆಳಿಗ್ಗೆ ಎದ್ದರೆ ಕೋಕ್, ಮಧ್ಯಾಹ್ನ ಚಿಪ್ಸು, ನಡುವೆ ಸಿಗರೇಟು. ವೊನೆಟ್ಟಾ ಹಾಗಲ್ಲ. ಚರ್ಚಿನಲ್ಲಿ ಬಿಳಿ ಕೈಗವಸು ತೊಟ್ಟು, ಬಂದವರನ್ನು ಕೂರಿಸುವ ಅರ್ನೆಸ್ಟೀನಳ ಮಗಳು ಅವಳು, ಹೆಂಡ ಮುಟ್ಟಿದವಳಲ್ಲ. ಭಾನುವಾರ ಪ್ರಾರ್ಥನೆ ಮುಗಿಸಿ, ಊಟ ಮಾಡಿ, ಮಗಳು ನೈಲಾಳನ್ನು ಕರೆದುಕೊಂಡು ಗ್ಲೈಡ್‌ಲ್ಯಾಂಡ್ ಎಂಬ ಸ್ಕೇಟಿಂಗ್ ಅಂಗಳಕ್ಕೆ ಹೋಗಿ ಸಂಜೆಯವರೆಗೂ ಚಕ್ರದ ಬೂಟು ಕಟ್ಟಿ ಕುಣಿಯುತ್ತಿದ್ದಳು. ಹಿಂದುಹಿಂದಕ್ಕೆ ಜಾರುತ್ತ, ಮೊಣಕಾಲು ಮಡಿಸಿ, ತೋಳು ಬೀಸಿ ಅವಳು ಹಾಡಿನೊಳಗೆ ಇಳಿದಳೆಂದರೆ ಇಪ್ಪತ್ತರ ಹುಡುಗರೂ ದಾರಿ ಬಿಟ್ಟು ಗೋಡೆಗೆ ಒರಗುತ್ತಿದ್ದರು. ಅವಳಿಗೆ ಕಾಯಿಲೆ ಬರುತ್ತದೆಂದು ಯಾರಾದರೂ ಹೇಳಿದ್ದರೆ ಊರು ನಗುತ್ತಿತ್ತು.

ಆದರೆ ಡ್ರೈವರುಗಳಿಗೆ ಕಾಲಕಾಲಕ್ಕೆ ಮೈ ಪರೀಕ್ಷೆ ಇತ್ತು. ಅದೊಂದಕ್ಕೇ ವೊನೆಟ್ಟಾ ಹೆದರುತ್ತಿದ್ದದ್ದು.

ನೈಲಾ ಹುಟ್ಟಿದಾಗ ಅವಳ ಬೀಪಿ ಸಿಕ್ಕಾಪಟ್ಟೆ ಏರಿ, ಕಣ್ಣಿಗೆ ಮಿಂಚು ಹೊಡೆದಂತಾಗಿ, ಅವಸರದಲ್ಲಿ ಹೊಟ್ಟೆ ಕೊಯ್ದು ಮಗು ತೆಗೆದಿದ್ದರು. ಮನೆಗೆ ಕಳಿಸುವಾಗ, "ಇಳಿಯುತ್ತೆ, ಆಮೇಲೊಮ್ಮೆ ತೋರಿಸಿಕೊಳ್ಳಿ" ಅಂದಿದ್ದರು. ತೋರಿಸಿಕೊಳ್ಳಲು ಹೋದ ಕ್ಲಿನಿಕ್ಕಿನಲ್ಲಿ ಒಬ್ಬ ಗಡಿಬಿಡಿಯ ಡಾಕ್ಟರು, "ಸ್ವಲ್ಪ ಜಾಸ್ತಿ ಇದೆ, ಟೆನ್ಷನ್ ಇರಬೇಕು, ಉಪ್ಪು ಕಡಿಮೆ ಮಾಡು" ಎಂದು ಮುಖವೆತ್ತದೆ ಹೇಳಿ ಮುಂದಿನವರನ್ನು ಕರೆದ. ಅಷ್ಟರಲ್ಲಿ ವಿಮೆ ಬದಲಾಯಿತು, ಆ ಕ್ಲಿನಿಕ್ಕು ಮುಚ್ಚಿತು, ಕೂಸು ಬೆಳೆಯಿತು. ಬೀಪಿ ನೋಯುವುದಿಲ್ಲ, ಕೆಮ್ಮುವುದಿಲ್ಲ, ಬಾಗಿಲು ತಟ್ಟುವುದಿಲ್ಲ. ವೊನೆಟ್ಟಾ ಅದನ್ನು ಮರೆತೇಬಿಟ್ಟಳು.

ಪರೀಕ್ಷೆಯವರು ಮರೆಯಲಿಲ್ಲ. ಮೊದಲ ಸಲವೇ ಅಂಕಿ ಮೇಲಿತ್ತು. ಇನ್ನೊಂದು ದಿನ ಬಾ ಎಂದು ಕಳಿಸಿದರು. ಆಗ ನಿವೃತ್ತಿಗೆ ಬಂದಿದ್ದ ಒಬ್ಬ ಡ್ರೈವರಮ್ಮ ಕಿವಿಯಲ್ಲಿ ಉಪಾಯ ಊದಿದಳು: ಒಂದು ವಾರ ಎರಡು ಹೊತ್ತೂ ಬಿಸಿನೀರಿಗೆ ಸೇಬಿನ ವಿನೆಗರ್ ಸುರಿದು, ಬೆಳ್ಳುಳ್ಳಿ ಜಜ್ಜಿ ಹಾಕಿ ಕುಡಿಯಬೇಕು, ಕಾಫಿ ಬಿಡಬೇಕು, ಪರೀಕ್ಷೆಯ ದಿನ ಬೇಗ ಹೋಗಿ ಕಾರಿನಲ್ಲೇ ಕಣ್ಣು ಮುಚ್ಚಿ ಕೂತು, ತಾನು ಹೊಳೆಯಲ್ಲಿ ತೇಲುತ್ತಿದ್ದೇನೆ ಅಂದುಕೊಳ್ಳಬೇಕು. ವೊನೆಟ್ಟಾ ಹಾಗೇ ಮಾಡಿದಳು. ಪಾಸಾದಳು. ಮುಂದಿನ ಸಲವೂ ಕೂದಲೆಳೆಯಲ್ಲಿ ಪಾಸು. ಪರೀಕ್ಷೆ ಮುಗಿದ ಸಂಜೆಯೇ ಕಾಫಿ ಶುರು, ವಿನೆಗರಿನ ಕ್ಯಾನು ಮೂಲೆಗೆ.

ತಮ್ಮ ರಾಡ್ರಿಕ್ ಕೋಳಿ ಸಾಗಿಸುವ ಲಾರಿಗೆ ಡ್ರೈವರಾದಾಗ, ಅವನ ಅಂಕಿಯೂ ಮೇಲಕ್ಕೆ ಹೋಯಿತು. ಅಕ್ಕ ತನ್ನ ಉಪಾಯವನ್ನು ಅವನಿಗೂ ಹೇಳಿಕೊಟ್ಟಳು. ಆಗ ಅವನಿಗೆ ಇಪ್ಪತ್ತೇಳು. ಪರೀಕ್ಷೆ ಮುಗಿಸಿ ಹೊರಬಂದವನೇ ಫೋನು ಮಾಡಿದ್ದ.

"ಅಕ್ಕಾ, ಪಾಸು! ಬಾಯಿ ಮಾತ್ರ ಉಪ್ಪಿನಕಾಯಿ ಜಾಡಿ ಆಗಿದೆ!"

ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು.

*

ಆ ಭಾನುವಾರ ಗ್ಲೈಡ್‌ಲ್ಯಾಂಡಿನಲ್ಲಿ ಮಕ್ಕಳು ಮರಿ ಎಲ್ಲ ತುಂಬಿದ್ದರು. ನೈಲಾ ಕಟಕಟೆಗೆ ಒರಗಿ ಗೆಳತಿಯರ ಜೊತೆ ಬೇಯಿಸಿದ ಕಡಲೆಕಾಯಿ ಬಿಡಿಸಿ ತಿನ್ನುತ್ತಿದ್ದಳು. ವೊನೆಟ್ಟಾ ಹಿಂದಕ್ಕೆ ಜಾರುತ್ತ ತಿರುವಿಗೆ ಬಂದಳು. ಬಲಗಾಲನ್ನು ಎಡಗಾಲಿನ ಹಿಂದೆ ಹಾಕಬೇಕು. ಹಾಕಿದಳು ಅಂದುಕೊಂಡಳು. ಕಾಲು ಬರಲಿಲ್ಲ. ಅದು ಬೇರೆ ಯಾರದೋ ಕಾಲಿನ ಹಾಗೆ ಹಿಂದೆಯೇ ಉಳಿದು, ಮೂಟೆಯಂತೆ ಎಳೆದುಕೊಂಡು ಬಂತು. ಅವಳು ಅರ್ಧ ಚಂದ್ರಾಕಾರದಲ್ಲಿ ಗಿರ್ರೆಂದು ತಿರುಗಿ ಗೋಡೆಗೆ ಒರಗಿ, ನಿಧಾನಕ್ಕೆ ಜಾರಿ ಕೂತಳು.

ಹುಡುಗರು ಚಪ್ಪಾಳೆ ಹೊಡೆದರು. ಇದೂ ಒಂದು ಹೊಸ ವರಸೆ ಅಂದುಕೊಂಡರು. "ಮಿಸ್ ವೊನೆಟ್ಟಾ, ಇನ್ನೊಂದು ಸಲ!" ಎಂದು ಒಬ್ಬ ಕೂಗಿದ.

ಅಲ್ಲಿ ಜಾರುವವರನ್ನು ನೋಡಿಕೊಳ್ಳುತ್ತಿದ್ದವನು ಹೊಸಿಯಾ. ಎಪ್ಪತ್ತು ದಾಟಿದ ಮುದುಕ, ಪಟ್ಟೆ ಅಂಗಿ, ಕೊರಳಲ್ಲಿ ಸೀಟಿ. ಅವನು ಸೀಟಿ ಊದಿ ಹಾಡು ನಿಲ್ಲಿಸಿ, ಬಂದು ಅವಳ ಮುಂದೆ ಮಂಡಿಯೂರಿದ.

"ನಗು ನೋಡೋಣ, ಮಗಳೇ."

ಅವಳು ನಕ್ಕಳು. ಅರ್ಧ ಬಾಯಿ ಮಾತ್ರ ನಕ್ಕಿತು.

"ಎರಡೂ ಕೈ ಎತ್ತು."

ಎಡಗೈ ಎದ್ದಿತು. ಬಲಗೈ ತೊಡೆಯ ಮೇಲೆ ಮಲಗಿಯೇ ಇತ್ತು.

"ಯಾರಾದ್ರೂ ಆಂಬುಲೆನ್ಸಿಗೆ ಫೋನ್ ಮಾಡ್ರೋ! ಲಕ್ವ ಹೊಡೀತಿದೆ ಅನ್ನಿ. ಬಿದ್ದಳು ಅನ್ನಬೇಡಿ, ಲಕ್ವ ಅನ್ನಿ!" ಹೊಸಿಯಾ ಗೋಡೆಯ ಗಡಿಯಾರ ನೋಡಿ, ಹೊತ್ತನ್ನು ಒಂದು ಚೀಟಿಯಲ್ಲಿ ಬರೆದು ನೈಲಾಳ ಕೈಗಿಟ್ಟ. ಹಿಂದೊಮ್ಮೆ ಅವನ ಹೆಂಡತಿಯೂ ಅಡುಗೆಮನೆಯಲ್ಲಿ ಹೀಗೇ ಕೂತಿದ್ದಳು. ದಣಿದಿದ್ದಾಳೆ, ಮಲಗಲಿ ಎಂದು ಅವನು ಮಲಗಿಸಿದ್ದ. ಅವಳು ಮತ್ತೆ ಏಳಲಿಲ್ಲ. ಅದನ್ನು ಅವನು ಯಾರಿಗೂ ಹೇಳದೆ, ವೊನೆಟ್ಟಾಳ ಬೂಟಿನ ದಾರ ಬಿಚ್ಚತೊಡಗಿದ.

ವೊನೆಟ್ಟಾಳಿಗೆ ಎಲ್ಲ ಕೇಳುತ್ತಿತ್ತು. ನೈಲಾ ಕೈಯಲ್ಲಿ ಕಡಲೆಕಾಯಿ ಹಿಡಿದುಕೊಂಡೇ ಓಡಿ ಬಂದದ್ದು ಕಾಣುತ್ತಿತ್ತು. 'ಹೆದರಬೇಡ ಕಂದಾ' ಎಂಬ ಮಾತು ತಲೆಯಲ್ಲಿ ಸ್ಪಷ್ಟವಾಗಿ ನಿಂತಿತ್ತು. ಬಾಯಿಯವರೆಗೆ ದಾರಿ ಇರಲಿಲ್ಲ.

ಆಸ್ಪತ್ರೆಯಲ್ಲಿ ಕೌಂಟರಿನ ಯುವಕ ಅವಳ ಜೋಲುಮುಖ ನೋಡಿ ಅಮ್ಮನನ್ನು ಕೇಳಿದ, "ಏನು ತಗೊಂಡಿದ್ದಾಳೆ? ಕುಡಿದಿದ್ದಾಳಾ? ಮಾತ್ರೆ ಗೀತ್ರೆ?"

ಅರ್ನೆಸ್ಟೀನ್ ಇನ್ನೂ ಚರ್ಚಿನ ನೇರಳೆ ಟೋಪಿಯಲ್ಲೇ ಇದ್ದಳು. "ಏನು ತಗೊಂಡಿದ್ದಾಳೆ ಅಂತ ಹೇಳ್ಲಾ? ಮಧ್ಯಾಹ್ನ ನನ್ನ ಕೈಯಡುಗೆ ತಗೊಂಡಿದ್ದಾಳೆ, ಬೆಳಿಗ್ಗೆ ದೇವರ ಪ್ರಸಾದ ತಗೊಂಡಿದ್ದಾಳೆ. ಮಗನೇ, ನನ್ನ ಮಗಳಿಗೆ ಲಕ್ವ ಹೊಡೀತಿದೆ. ಶುರುವಾದ ಹೊತ್ತು ಈ ಚೀಟೀಲಿದೆ. ನೀನು ಡಾಕ್ಟರನ್ನ ಕರೀತೀಯೋ, ಇಲ್ಲಿ ನಿಂತು ನಾನು ಹಾಡೋಕೆ ಶುರು ಮಾಡ್ಲೋ? ನನ್ನ ಗಂಟಲು ದೊಡ್ಡದು."

ಯುವಕ ಎದ್ದು ಓಡಿದ. ಹೆಪ್ಪು ಕರಗಿಸುವ ಔಷಧ ಹೊತ್ತು ಮೀರುವ ಮೊದಲೇ ವೊನೆಟ್ಟಾಳ ನರಕ್ಕೆ ಇಳಿಯಿತು.

*

ಅವಳು ಉಳಿದಳು. ಕಾಲಿಗೆ ನಿಧಾನವಾಗಿ ಜೀವ ಬಂತು, ಕೈಗೆ ಅದಕ್ಕಿಂತ ನಿಧಾನವಾಗಿ. ಮಾತು ಮಾತ್ರ ಎಲ್ಲೋ ಸಿಕ್ಕಿಹಾಕಿಕೊಂಡಿತ್ತು. ಮೊದಲ ದಿನಗಳಲ್ಲಿ ಅವಳ ಬಾಯಿಂದ ಬರುತ್ತಿದ್ದದ್ದು ಒಂದೇ ಪದ: ಬುಧವಾರ. ನೀರು ಬೇಕಿದ್ದರೂ ಬುಧವಾರ. ಹೊದಿಕೆ ಎಳೆಯಬೇಕಿದ್ದರೂ ಬುಧವಾರ. ಯಾಕೆ ಬುಧವಾರವೋ ಅವಳಿಗೂ ತಿಳಿಯದು. ಸಿಟ್ಟು ಬಂದು ತಟ್ಟೆ ನೂಕಿ, "ಬುಧವಾರ! ಬುಧವಾರ!" ಎಂದು ಕಿರುಚಿದಾಗ ನೈಲಾ ತಡೆಯಲಾರದೆ ನಕ್ಕುಬಿಟ್ಟಳು. ನಕ್ಕ ತಪ್ಪಿಗೆ ಅಳು ಬಂದು ಅಮ್ಮನ ಹೊಟ್ಟೆಯ ಮೇಲೆ ಮುಖವಿಟ್ಟಳು. ವೊನೆಟ್ಟಾ ಎಡಗೈಯಿಂದ ಮಗಳ ಜಡೆ ಸವರುತ್ತ ತಾನೂ ನಕ್ಕಳು. ಕುಸಿದುಹೋದ ದಿನದಿಂದ ಅವಳು ನಕ್ಕಿದ್ದು ಅದೇ ಮೊದಲು.

ಮಿಸ್ಟಿ ಬರಲಿಲ್ಲ. ಒಂದು ವಾರವಾಯಿತು, ಇನ್ನೊಂದೂ ಆಯಿತು. ಬಸ್ಸಿನವರೆಲ್ಲ ಬಂದು ಹೋದರು. ಮಿಸ್ಟಿ ಹೂವು ಕಳಿಸಿದಳೇ ಹೊರತು ಮುಖ ತೋರಿಸಲಿಲ್ಲ. ವೊನೆಟ್ಟಾ ಹಾಸಿಗೆಯಲ್ಲಿ ಬಿದ್ದುಕೊಂಡು ಹೂವನ್ನು ದುರುಗುಟ್ಟಿ ನೋಡುತ್ತಿದ್ದಳು. ಹೊಗೆ ಕುಡಿದವಳು ಅವಳು. ಮೂಗಿಯಾಗಿ ಮಲಗಿದವಳು ನಾನು. ಇದ್ಯಾವ ನ್ಯಾಯ? ಈ ಯೋಚನೆ ಕೆಟ್ಟದ್ದೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ ಅದು ದಿನಾ ಬಂದು ಎದೆಯ ಮೇಲೆ ಕೂರುತ್ತಿತ್ತು.

ಕೊನೆಗೆ ಮಿಸ್ಟಿ ಬಂದಳು. ಬಾಗಿಲಲ್ಲೇ ನಿಂತು ಹೆಗಲುಚೀಲದ ಪಟ್ಟಿ ತಿರುಚುತ್ತ ಹೇಳಿದಳು, "ಬಯ್ಯಿ. ನಿನ್ನ ಹತ್ರ ಬೈಸ್ಕೊಳ್ಳೋಕೇ ಬಂದಿದೀನಿ."

ವೊನೆಟ್ಟಾ ಬಾಯಿ ತೆಗೆದಳು. ಬೈಗುಳ ಹುಡುಕಿದಳು. ಸಿಕ್ಕಿದ್ದು, "ಕತ್ತೆ."

"ಅಬ್ಬ! ಬುಧವಾರ ಅಂತೀಯೇನೋ ಅಂತ ಹೆದರಿದ್ದೆ." ಮಿಸ್ಟಿ ಬಂದು ಮಂಚದ ಅಂಚಿಗೆ ಕೂತಳು. ಕಣ್ಣು ತುಂಬಿತ್ತು. "ನಾನಾಗಬೇಕಿತ್ತು ಕಣೆ. ಸೇದೋಳು ನಾನು. ಪಾರ್ಕಿಂಗಿನವರೆಗೂ ಬಂದು ಬಂದು ವಾಪಸ್ ಹೋದೆ. ಯಾವ ಮುಖ ಇಟ್ಕೊಂಡು ಬರ್ಲಿ?"

ವೊನೆಟ್ಟಾ ಅವಳ ಕೈ ಹಿಡಿದುಕೊಂಡಳು. ಎದೆಯ ಮೇಲೆ ಕೂತಿದ್ದ ಭಾರ ಎದ್ದು ಹೋಗಲಿಲ್ಲ, ಸ್ವಲ್ಪ ಸರಿದು ಕೂತಿತು.

ಅದೇ ಹೊತ್ತಿಗೆ ಡಾಕ್ಟರ್ ಪಿಂಕ್ನಿ ಒಳಗೆ ಬಂದಳು. ಐವತ್ತರ ಕಪ್ಪು ಹೆಂಗಸು, ಮೂಗಿನ ತುದಿಗೆ ಕನ್ನಡಕ, ಯಾವಾಗಲೂ ಕುರ್ಚಿ ಎಳೆದುಕೊಂಡು ಕೂತೇ ಮಾತಾಡುವವಳು. ಮಿಸ್ಟಿ ತಡೆಯಲಾರದೆ ಕೇಳಿದಳು, "ಡಾಕ್ಟ್ರೇ, ಇದು ಹೆಂಗೆ? ಇಬ್ಬರಿಗೂ ಒಂದೇ ವಯಸ್ಸು. ಬೆಂಕಿಪೊಟ್ಣ ನಾನು. ಇವಳು ಚರ್ಚಿನ ದೇವತೆ."

"ನಿನಗೇನು ಬರಲ್ಲ ಅಂತಲ್ಲ. ಸಿಗರೇಟು ನಿನ್ನ ಬಾಗಿಲಲ್ಲಿ ಕಾಯ್ತಾ ಕೂತಿದೆ." ಡಾಕ್ಟರ್ ಕನ್ನಡಕ ಮೇಲೇರಿಸಿದಳು. "ನಲವತ್ತೈದು ದಾಟದೋರು ಲಕ್ವ ಅಂತ ನನ್ನ ಹತ್ರ ಬಂದ್ರೆ ಎಲ್ಲರಿಗೂ ಎಲ್ಲಾ ಕೇಳ್ತೀನಿ. ಆದ್ರೆ ಬಿಳಿಯರಾದ್ರೆ ಸಿಗರೇಟು ಮೊದಲು ನೆನಪಾಗುತ್ತೆ. ನಮ್ಮೋರಾದ್ರೆ ಬೀಪಿ, ಸಕ್ಕರೆ ಕಾಯಿಲೆ. ಬೇರೆಯವರಿಗೆ ತಲೆ ನೆರೆತ ಮೇಲೆ ಬರೋ ಬೀಪಿ ನಮ್ಮ ಹುಡುಗ್ರಿಗೆ ಇಪ್ಪತ್ತು ಮೂವತ್ತಕ್ಕೇ ಬಂದು ಒಳಗೆ ಕೂತಿರುತ್ತೆ. ಯಾರೂ ನೋಡೋದಿಲ್ಲ. ಹುಡುಗರಲ್ವಾ, ಗಟ್ಟಿ ಇದಾರೆ ಅಂತ."

ವೊನೆಟ್ಟಾ ತನ್ನ ಬಲಗೈಯ ನರ ತೋರಿಸಿದಳು. ಹೇಳಬೇಕಾದ್ದನ್ನು ತುಂಡು ತುಂಡಾಗಿ ಹೊರತಂದಳು. "ನಮ್ಮ... ರಕ್ತ... ಕೆಟ್ಟದ್ದಾ?"

ಡಾಕ್ಟರ್ ಪಿಂಕ್ನಿ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. "ಈ ಪ್ರಶ್ನೆ ನನ್ನಮ್ಮಾನೂ ಕೇಳಿದ್ಲು. ಇಲ್ಲ ಕಣಮ್ಮ. ನಿನ್ನ ರಕ್ತಕ್ಕೆ ಏನೂ ಆಗಿಲ್ಲ. ಮಗು ಹೆತ್ತಾಗ ಏರಿದ್ದು ಇಳೀತಾ ಅಂತ ನಿನ್ನ ಮನೆಗೆ ಯಾರಾದ್ರೂ ಫೋನ್ ಮಾಡಿದ್ರಾ? ಕ್ಲಿನಿಕ್ಕಲ್ಲಿ ನಿನ್ನ ಮಾತು ಪೂರ್ತಿ ಕೇಳಿದೋರು ಎಷ್ಟು ಜನ? ನಿಮ್ಮ ಬೀದೀಲಿ ಕರಿದ ಕೋಳಿ ಸಿಗುತ್ತೆ, ತಾಜಾ ಸೊಪ್ಪು ಬೇಕಂದ್ರೆ ಊರಾಚೆ ಹೋಗ್ಬೇಕು. ಬೆಳಗಿನ ಬಸ್ಸು, ಸಂಜೆ ಬಸ್ಸು, ನಡುವೆ ಇನ್ನೊಂದು ಕೆಲಸ, ಮೇಲೆ ಅಂಗಡಿಗೆ ಹೋದ್ರೂ ನೀನೇ ಕಳ್ಳಿ ಅನ್ನೋ ಥರ ಹಿಂದೆ ಹಿಂದೆ ಬರ್ತಾರೆ. ಇಷ್ಟೆಲ್ಲ ಹೊತ್ತು ಓಡಾಡೋ ಮೈ ಬೇಗ ಸವೆಯುತ್ತೆ. ತಪ್ಪು ನಿನ್ನ ಬಣ್ಣದ್ದಲ್ಲ, ನಿನ್ನ ಬಣ್ಣ ನೋಡಿ ಭಾರ ಹೊರಿಸಿದವರದ್ದು."

ಮೂಲೆಯಲ್ಲಿದ್ದ ಅರ್ನೆಸ್ಟೀನ್, "ಆಮೆನ್" ಅಂದಳು, ಚರ್ಚಿನಲ್ಲಿ ಅನ್ನುವಷ್ಟೇ ಗಟ್ಟಿಯಾಗಿ.

"ಆದ್ರೆ ಭಾರ ಇಳಿಸೋಕೆ ಊರು ಬದಲಾಗಲಿ ಅಂತ ಕೂತ್ಕೊಳ್ಳೋಕಾಗಲ್ಲ," ಡಾಕ್ಟರ್ ಮುಂದುವರಿಸಿದಳು. "ಬೀಪಿಗೆ ಮಾತ್ರೆ ಇದೆ. ಹಳೇ ಮಾತ್ರೆ, ಅಗ್ಗದ ಮಾತ್ರೆ, ಕೆಲಸ ಮಾಡೋ ಮಾತ್ರೆ. ಒಂದು ಹೇಳು, ಡ್ರೈವರು ನೀನು. ಪರೀಕ್ಷೇಲಿ ಇದು ಸಿಕ್ಕಿಬೀಳಬೇಕಿತ್ತಲ್ಲ?"

ವೊನೆಟ್ಟಾಳ ಮುಖ ಬಿಸಿಯಾಯಿತು. ಕಿಟಕಿಯ ಕಡೆ ನೋಡಿದಳು. ಆಮೇಲೆ ತುಟಿ ಕೂಡಿಸಿ, ಮಗುವಿನ ಹಾಗೆ ಅಕ್ಷರ ಅಕ್ಷರವಾಗಿ ಹೇಳಿದಳು, "ವಿ... ನೆ... ಗರ್."

"ಅಯ್ಯೋ ದೇವರೇ, ಆ ಕ್ಯಾನು!" ಅಂದಳು ಅರ್ನೆಸ್ಟೀನ್. "ಉಪ್ಪಿನಕಾಯಿ ಹಾಕ್ತಾಳೇನೋ ಅಂದ್ಕೊಂಡಿದ್ದೆ ನಾನು!"

ಡಾಕ್ಟರ್ ಬಯ್ಯಲಿಲ್ಲ, ಅಂಥವರನ್ನು ತುಂಬ ನೋಡಿದ್ದಳು. ಆದರೆ ವೊನೆಟ್ಟಾ ದಿಗಿಲುಬಿದ್ದಳು. ಬಲಗಾಲು ಎಳೆದುಕೊಂಡು ಬಂದದ್ದು ನೆನಪಾಯಿತು. ಅಂಥದೇ ಕಾಲಿನ ಕೆಳಗೆ ತಮ್ಮನ ಲಾರಿಯ ಬ್ರೇಕು ಕಂಡಿತು. ಅವಳು ಅಮ್ಮನ ತೋಳು ಹಿಡಿದು ಜಗ್ಗಿದಳು. "ರಾ... ರಾಡ್..." ಹೆಸರು ಪೂರ್ತಿ ಬರಲಿಲ್ಲ. ಅಮ್ಮನಿಗೆ ಅರ್ಥವಾಯಿತು.

*

ರಾಡ್ರಿಕ್ ಫೋನಿನಲ್ಲಿ ಬಗ್ಗಲಿಲ್ಲ. "ಅಕ್ಕನಿಗೆ ಬಂತು ಅಂತ ನಂಗೂ ಬರಬೇಕಾ ಅಮ್ಮ? ನಾನು ಮೂವತ್ತೊಂದರ ಗೂಳಿ" ಎಂದು ನಕ್ಕ. ಅಕ್ಕ ಮನೆಗೆ ಬಂದ ಮೇಲೆ ಒಂದು ಶನಿವಾರ ಅವನೇ ಬಂದ. ಕೈಯಲ್ಲಿ ಹುರಿದ ಮೀನಿನ ಪೊಟ್ಟಣ, ಮುಖದಲ್ಲಿ ಅಗಲ ನಗು. ಅಕ್ಕನನ್ನು ಕುರ್ಚಿ ಸಮೇತ ಎತ್ತಿ ಮುದ್ದಾಡಿದ. ಮೀನು ತಿಂದು, ಅಡುಗೆಮನೆಯ ಕಪಾಟಿನೊಳಗೆ ಇಣುಕುತ್ತ ಕೇಳಿದ, "ಅಕ್ಕ, ನಿನ್ನ ಕ್ಯಾನಲ್ಲಿ ಇನ್ನೂ ಇದೆಯಾ? ಮುಂದಿನ ವಾರ ನಂದು ಪರೀಕ್ಷೆ."

ಮಿಸ್ಟಿಯೂ ಅಲ್ಲಿದ್ದಳು, ಚ್ಯೂಯಿಂಗ್ ಗಮ್ ಅಗಿಯುತ್ತ. ಸಿಗರೇಟು ಬಿಡುವ ಹೋರಾಟದಲ್ಲಿ ಅವಳು ಒಮ್ಮೆ ಸೋತು, ಎರಡನೆಯ ಸುತ್ತಿನಲ್ಲಿದ್ದಳು. ಅವಳೂ ಅಮ್ಮನೂ ಒಬ್ಬರ ಮುಖ ಒಬ್ಬರು ನೋಡಿದರು.

ವೊನೆಟ್ಟಾ ಎದ್ದಳು. ಕೋಲೂರಿಕೊಂಡು ಕಪಾಟಿನ ಬಳಿ ಹೋಗಿ, ಎಡಗೈಯಲ್ಲಿ ಕ್ಯಾನು ಎತ್ತಿ, ಹಲ್ಲಿನಿಂದ ಮುಚ್ಚಳ ತಿರುಗಿಸಿ, ಅಷ್ಟನ್ನೂ ಮೋರಿಗೆ ಸುರಿದಳು. ಅಡುಗೆಮನೆಯೆಲ್ಲ ಹುಳಿ ವಾಸನೆ.

"ಏಯ್! ಏನ್ ಮಾಡ್ತಿದೀಯ?"

ಅವಳು ಮೇಜಿನ ಖಾನೆಯಿಂದ ಬೀಪಿ ಯಂತ್ರ ತೆಗೆದು ಕುರ್ಚಿ ತೋರಿಸಿದಳು. ಪಟ್ಟಿಯನ್ನು ಅವನ ತೋಳಿಗೆ ತಾನೇ ಸುತ್ತತೊಡಗಿದಳು, ಬಲಗೈಯಿಂದಲೇ. ಬೆರಳುಗಳು ಮಾತು ಕೇಳುತ್ತಿರಲಿಲ್ಲ. ಪಟ್ಟಿ ಜಾರಿತು, ಮತ್ತೆ ಹಿಡಿದಳು, ಮತ್ತೆ ಜಾರಿತು. ರಾಡ್ರಿಕ್ ಸಹಾಯಕ್ಕೆ ಕೈಯೊಡ್ಡಿದ. ಅವಳು ಆ ಕೈಗೆ ಫಟ್ಟನೆ ಒಂದು ಏಟು ಹಾಕಿದಳು. ಚಿಕ್ಕಂದಿನಲ್ಲಿ ಅವನಿಗೆ ಬೂಟಿನ ದಾರ ಕಟ್ಟಿದವಳು ಅವಳೇ. ಎಂಥ ಗಂಟೂ ಆ ಬೆರಳಿಗೆ ಲೆಕ್ಕಕ್ಕಿರಲಿಲ್ಲ. ಈಗ ಅವೇ ಬೆರಳು ಒಂದು ಪಟ್ಟಿಯೊಂದಿಗೆ ಒದ್ದಾಡುವುದನ್ನು ನೋಡುತ್ತ ನೋಡುತ್ತ ಅವನ ನಗು ತಾನಾಗಿ ಇಳಿಯಿತು.

ಯಂತ್ರ ಗೊರಗುಟ್ಟಿ, ಉಬ್ಬಿ, ಇಳಿದು, ಅಂಕಿ ತೋರಿಸಿತು. ನೂರ ತೊಂಬತ್ತೆರಡು, ಕೆಳಗೆ ನೂರ ಹದಿನಾರು.

"ಯಂತ್ರ ಕೆಟ್ಟಿದೆ," ಅಂದ ರಾಡ್ರಿಕ್.

"ಹಂಗಾ? ಕೊಡಿಲ್ಲಿ," ಎಂದು ಅಮ್ಮ ಕಟ್ಟಿಸಿಕೊಂಡಳು. ವರ್ಷಗಳಿಂದ ಮಾತ್ರೆ ನುಂಗುವ ಅರ್ನೆಸ್ಟೀನಳದು ಹದದಲ್ಲೇ ಇತ್ತು. ರಾಡ್ರಿಕ್ ಮಿಸ್ಟಿಯತ್ತ ಬೆರಳು ಮಾಡಿದ. "ಹೊಗೆ ಕೊಳವೆಗೆ ಕಟ್ಟಿ. ಇವಳದ್ದು ಮುನ್ನೂರು ತೋರಿಸದಿದ್ರೆ ಕೇಳಿ."

ಮಿಸ್ಟಿಯದು ನೂರ ಹದಿನೆಂಟು, ಕೆಳಗೆ ಎಪ್ಪತ್ತಾರು.

"ಅನ್ಯಾಯ!" ರಾಡ್ರಿಕ್ ಮೇಜು ಗುದ್ದಿದ. "ಅಮ್ಮಾ, ಇದು ಅನ್ಯಾಯ! ಈಯಮ್ಮ ಹದಿನೈದಕ್ಕೇ ಚರ್ಚಿನ ಹಿಂದೆ ನಿಂತು ಸೇದೋಳು!"

"ನನ್ನ ಶ್ವಾಸಕೋಶ ನೋಡಿಲ್ಲ ನೀನು. ಅದರ ಯಂತ್ರ ಇದ್ದಿದ್ರೆ ಈ ಮನೆ ಹತ್ತಿಕೊಳ್ತಿತ್ತು," ಅಂದಳು ಮಿಸ್ಟಿ. ಎಲ್ಲರೂ ನಕ್ಕರು. ನಗು ನಿಂತ ಮೇಲೆ ಮಿಸ್ಟಿ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟಳು. ರಾಡ್ರಿಕ್ ತನ್ನ ತೋಳನ್ನೇ ನೋಡುತ್ತ ಕೂತಿದ್ದ.

"ಇದನ್ನ ತೋರಿಸಿದ್ರೆ ಲಾರಿಯಿಂದ ಇಳಿಸ್ತಾರೆ ಅಕ್ಕ," ಎಂದ, ಈಗ ಸಣ್ಣ ದನಿಯಲ್ಲಿ. "ಲಾರಿ ಬಿಟ್ರೆ ನಂಗೇನು ಬರುತ್ತೆ? ಕೋಳಿ ಮೇಯಿಸ್ಲಾ?"

ವೊನೆಟ್ಟಾ ಅವನ ಎದುರು ಕುರ್ಚಿ ಎಳೆದುಕೊಂಡಳು. ಹೇಳಬೇಕಾದ್ದನ್ನು ಹಿಂದಿನ ರಾತ್ರಿಯಿಂದ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದಳು. ಒಂದೊಂದೇ ಪದವನ್ನು ಎತ್ತಿ ಇಡುವವಳಂತೆ ಹೇಳಿದಳು.

"ಉಪಾಯ... ಹೇಳಿಕೊಟ್ಟಿದ್ದು... ನಾನು. ಈಗ... ಹೇಳ್ತೀನಿ... ಬೇಡ. ನಂದು... ಬರೀ... ಚಕ್ರದ ಬೂಟು. ಗೋಡೆಗೆ... ಹೊಡೆದೆ. ನಿಂದು... ಲಾರಿ ಕಣೋ."

ಲಕ್ವ ಹೊಡೆದ ಮೇಲೆ ಅವಳು ಆಡಿದ ಅತಿ ಉದ್ದದ ಮಾತು ಅದು. ರಾಡ್ರಿಕ್ ತಲೆ ಬಗ್ಗಿಸಿ ಅಕ್ಕನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಆ ಡಾಕ್ಟ್ರಮ್ಮ ಬಯ್ತಾಳಾ?" ಎಂದು ಕೇಳಿದ.

ಡಾಕ್ಟರ್ ಪಿಂಕ್ನಿ ಬಯ್ಯಲಿಲ್ಲ, ಕೂತು ಕೇಳಿದಳು. ಮಾತ್ರೆ ಕೊಟ್ಟಳು, ಸಕ್ಕರೆಯನ್ನೂ ಪರೀಕ್ಷಿಸಿ ಅದೂ ಹೊಸ್ತಿಲಲ್ಲಿದೆ ಎಂದು ಎಚ್ಚರಿಸಿದಳು. ಅವನನ್ನು ಲಾರಿಯಿಂದ ಇಳಿಸಿದರು. ಕೋಳಿ ಕಾರ್ಖಾನೆಯ ಅಂಗಳದಲ್ಲಿ ಲಾರಿ ತೊಳೆಯುವ ಕೆಲಸಕ್ಕೆ ಹಾಕಿದರು. ಜೊತೆಯವರು, "ಏನೋ ಗೂಳಿ, ಪೈಪು ಹಿಡಿದಿದೀಯ?" ಎಂದು ಕಾಲೆಳೆದರು. ಮಾತ್ರೆಯಿಂದ ಗಳಿಗೆಗೊಮ್ಮೆ ಶೌಚಕ್ಕೆ ಓಡಬೇಕಾಯಿತು, ತಲೆ ಸುತ್ತಿತು, ಇನ್ನೊಂದು ಮಾತ್ರೆಗೆ ಬದಲಿಸಿದರು. ಒಂದು ವಾರ ಸಿಟ್ಟಿನಿಂದ ನುಂಗುವುದನ್ನೇ ಬಿಟ್ಟ. ಅಕ್ಕ ದಿನಾ ಬೆಳಿಗ್ಗೆ ಫೋನು ಮಾಡಿ, "ಮಾತ್ರೆ" ಎಂಬ ಒಂದೇ ಪದ ಹೇಳಿ ಇಡತೊಡಗಿದಳು. ಆ ಒಂದು ಪದಕ್ಕೆ ವಾದ ಮಾಡುವುದು ಅವನಿಗೆ ಗೊತ್ತಾಗಲಿಲ್ಲ. ಸುಡುಬಿಸಿಲಿನ ಜೂನ್ ಕಳೆದು ಪೆಕಾನ್ ಕಾಯಿ ಉದುರುವ ಕಾಲಕ್ಕೆ ಅಂಕಿ ಇಳಿಯಿತು. ಆರು ತಿಂಗಳಿಗೊಮ್ಮೆ ತೋರಿಸಬೇಕೆಂಬ ಕಟ್ಟಳೆಯ ಮೇಲೆ ಅವನ ಲಾರಿ ಅವನಿಗೆ ಸಿಕ್ಕಿತು. ಆಶ್ಚರ್ಯವೆಂದರೆ, ಅಂಗಳದಲ್ಲಿ ಅವನ ಕಾಲೆಳೆದವರಲ್ಲೇ ಇಬ್ಬರು ಗುಟ್ಟಾಗಿ ಬಂದು, "ಆ ಡಾಕ್ಟ್ರಮ್ಮನ ನಂಬರ್ ಕೊಡೋ" ಅಂದರು.

ವೊನೆಟ್ಟಾಳಿಗೆ ಬಸ್ಸು ಸಿಗಲಿಲ್ಲ. ಲಕ್ವ ಹೊಡೆದವರ ಕೈಗೆ ಮಕ್ಕಳ ಬಸ್ಸು ಕೊಡುವುದಿಲ್ಲ, ಕೊಟ್ಟರೂ ವರ್ಷಗಳ ಮೇಲೆ. ಅದನ್ನು ಕೇಳಿದ ದಿನ ಅವಳು ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು. ಮರುದಿನ ಎದ್ದು, ಗಟ್ಟಿ ಓದುವ ಅಭ್ಯಾಸಕ್ಕೆ ನೈಲಾಳ ಪುಸ್ತಕ ಹಿಡಿದಳು. ಭಾನುವಾರ ಗ್ಲೈಡ್‌ಲ್ಯಾಂಡಿನ ಕಟಕಟೆ ಹಿಡಿದು, ಹೊಸಿಯಾನ ತೋಳಿಗೆ ತೋಳು ಸೇರಿಸಿ, ಮುಂದಕ್ಕೆ ಮಾತ್ರ, ಒಂದು ಸುತ್ತು ಜಾರಿದಳು. ಯಾರೂ ಚಪ್ಪಾಳೆ ಹೊಡೆಯಬಾರದು ಎಂದು ಮುದುಕ ಮೊದಲೇ ಎಲ್ಲರನ್ನೂ ಬೆದರಿಸಿದ್ದ.

ಸಣ್ಣ ಮಕ್ಕಳನ್ನು ಹತ್ತಿಸಿ ಇಳಿಸಲು ಬಸ್ಸಿನಲ್ಲಿ ಒಬ್ಬರು ಬೇಕು ಎಂಬ ಸುದ್ದಿ ತಂದವಳು ಮಿಸ್ಟಿ. "ನನ್ನ ಬಸ್ಸೇ. ನೀನು ಹಿಂದೆ ಕೂತು ಇಡೀ ದಿನ ನನ್ನ ಡ್ರೈವಿಂಗ್ ಬಯ್ಯಬಹುದು. ಮೇಲೆ ಸಂಬಳ ಬೇರೆ ಕೊಡ್ತಾರಂತೆ."

ಜನವರಿಯ ಒಂದು ಬೆಳಿಗ್ಗೆ ವೊನೆಟ್ಟಾ ಕಿತ್ತಳೆ ಬಣ್ಣದ ಮೇಲಂಗಿ ತೊಟ್ಟು ಮಿಸ್ಟಿಯ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತಿದ್ದಳು. ಕೊನೆಯ ನಿಲ್ದಾಣದಲ್ಲಿ ಹೊಸ ಹುಡುಗಿಯೊಬ್ಬಳು, ಐದು ವರ್ಷದವಳು, ತಾಯಿಯ ಕೋಟು ಬಿಡದೆ ಅಳುತ್ತಿದ್ದಳು. ತಾಯಿ ಇಪ್ಪತ್ತರ ಆಸುಪಾಸಿನ ಹುಡುಗಿ, ಆಸ್ಪತ್ರೆಯ ಅಡುಗೆಮನೆಯ ಸಮವಸ್ತ್ರದಲ್ಲಿ, ಕೆಲಸಕ್ಕೆ ತಡವಾದ ಮುಖ. ವೊನೆಟ್ಟಾ ಕಂಬಿ ಹಿಡಿದು ಜೋಪಾನವಾಗಿ ಇಳಿದು, ಮಗುವಿಗೆ ಎಡಗೈ ಚಾಚಿದಳು.

"ಬಾ... ಪುಟ್ಟಿ. ಕಿಟಕಿ... ಸೀಟು... ನಿಂಗೆ."

ಅಳು ನಿಂತಿತು. ಹುಡುಗಿ ಅವಳ ಬಾಯಿಯನ್ನೇ ನೋಡಿದಳು. "ನೀನ್ಯಾಕೆ ಹಿಂಗೆ ಮಾತಾಡ್ತೀಯ?"

"ಡೆಸ್ಟಾ!" ತಾಯಿ ಗದರಿದಳು.

"ಲಕ್ವ... ಹೊಡೀತು. ಈಗ... ವಾಸಿ... ಆಗ್ತಿದೆ."

"ನಮ್ಮಜ್ಜಿಗೂ ಹೊಡೆದಿತ್ತು. ಅಜ್ಜಿ ಕುರ್ಚೀಲೇ ಇರೋದು." ಹುಡುಗಿ ಹೆಮ್ಮೆಯಿಂದೆಂಬಂತೆ ಹೇಳಿದಳು.

ವೊನೆಟ್ಟಾ ತಾಯಿಯ ಕಡೆ ತಿರುಗಿದಳು. "ವಯಸ್ಸು?"

"ಅಮ್ಮಂಗಾ? ನಲವತ್ನಾಕು," ಅಂದಳು ಆ ತಾಯಿ ಕೀಲಿಕೈ ಗೊಂಚಲು ಹುಡುಕುತ್ತ, ಅದೇನೂ ವಿಶೇಷವಲ್ಲವೆಂಬಂತೆ. "ನಮ್ಮ ಮನೇಲಿ ಎಲ್ಲರಿಗೂ ಬರುತ್ತೆ. ದೊಡ್ಡಮ್ಮಂಗೂ ಬಂದಿತ್ತು."

"ನಿನ್ನ... ಬೀಪಿ... ನೋಡಿಸಿದೀಯಾ?"

"ನಂದಾ?" ಅವಳು ನಕ್ಕಳು. "ನಂಗೆ ಇಪ್ಪತ್ತೈದು ಮಿಸ್."

ಮಿಸ್ಟಿ ಕಿಟಕಿಯಿಂದ ತಲೆ ಹೊರಹಾಕಿ, "ಹೊರಡೋಣವಾ?" ಎಂದು ಕೇಳಬೇಕೆಂದಿದ್ದವಳು, ಗೆಳತಿಯ ಮುಖ ನೋಡಿ, ಕೇಳದೆ ಗೇರು ಬಿಡಿಸಿ ಬ್ರೇಕು ಹಾಕಿದಳು. ಬಸ್ಸಿನೊಳಗಿಂದ ಮಕ್ಕಳು ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದರು.

"ಸಂಜೆ," ಅಂದಳು ವೊನೆಟ್ಟಾ. ಈ ಸಲ ಪದಗಳು ಅವಸರ ಮಾಡದೆ ಸಾಲಾಗಿ ಬಂದವು. "ಇವಳನ್ನ ಇಳಿಸೋಕೆ... ನಾನೇ ಬರ್ತೀನಿ. ಚೀಲದಲ್ಲಿ... ಯಂತ್ರ ತಂದಿರ್ತೀನಿ. ನೋವಾಗಲ್ಲ. ಇಲ್ಲೇ, ಈ ಕಟ್ಟೆ ಮೇಲೆ... ಕೂತು ನೋಡೋಣ. ಆಯ್ತಾ?"

ಆ ತಾಯಿ ಗಡಿಯಾರ ನೋಡಿದಳು, ಮಗಳನ್ನು ನೋಡಿದಳು, ಕಿತ್ತಳೆ ಅಂಗಿಯ ಈ ಹೆಂಗಸನ್ನು ನೋಡಿದಳು. ಡೆಸ್ಟಾ ಆಗಲೇ ವೊನೆಟ್ಟಾಳ ಬೆರಳು ಹಿಡಿದು ಮೊದಲ ಮೆಟ್ಟಿಲು ಹತ್ತಿದ್ದಳು.

"ಮೂರೂವರೆಗೆ ನಂದು ಡ್ಯೂಟಿ ಮುಗಿಯುತ್ತೆ," ಅಂದಳು ತಾಯಿ. "ಇರ್ತೀನಿ."